ಇಪ್ಪತ್ತಾರನೇ ಮೈಲಿನಲ್ಲೊಬ್ಬ ಕಾರವಾರದವ

ಗೋವಾ ಕಡೆಯಿಂದ ಕಾಳಿ ನದಿ ದಾಟಿ ಕಾರವಾರಕ್ಕೆ ಬಂದವರಿಗೆ ಹೆದ್ದಾರಿಯ ಸಮುದ್ರದ ಬದಿಗೆ, ನೆಲದ ಮೇಲೆ ಕೂರಿಸಿದ ಯುದ್ಧನೌಕೆಯೊಂದು ಕಾಣುತ್ತದೆ. ಹೆಸರು ಐಎನ್‌ಎಸ್ ಚಪಲ್. ರಜೆ ಬಂತೆಂದರೆ ಅಲ್ಲಿ ಜಾತ್ರೆ. ಏಣಿ ಹತ್ತಿ ಇಳಿಯುವ ಮಕ್ಕಳು, ಕ್ಷಿಪಣಿಯ ಕೊಳವೆಗೆ ಒರಗಿ ಸೆಲ್ಫಿ ತೆಗೆದುಕೊಳ್ಳುವ ದೊಡ್ಡವರು. 1971ರಲ್ಲಿ ಕರಾಚಿಗೆ ಹೋಗಿಬಂದ ಹಡಗು ಇದು ಎಂದು ಹೇಳಿಕೊಡುವವರೂ ಸಿಗುತ್ತಾರೆ. ಪಾಪ, ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ.

ಆ ಹಡಗಿನ ಪಕ್ಕದಲ್ಲೇ ಒಬ್ಬ ಸೇನಾಧಿಕಾರಿಯ ಪ್ರತಿಮೆ ಇದೆ. 2006ರ ನವೆಂಬರ್ 7ರಂದು ಅನಾವರಣಗೊಂಡದ್ದು. ಹಡಗಿನ ಮುಂದೆ ನಿಂತಷ್ಟು ಜನ ಇದರ ಮುಂದೆ ನಿಲ್ಲುವುದಿಲ್ಲ. ನಿಂತವರೂ ಹೆಸರು ಓದಿ, 'ಪರಮವೀರ ಚಕ್ರ' ಎಂಬ ಪದ ಕಂಡು, ಗಡಿಯಲ್ಲಿ ಶತ್ರುಗಳನ್ನು ಹೊಡೆದುರುಳಿಸಿದ ವೀರನಿರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ. ತಪ್ಪೇನಿಲ್ಲ. ಪರಮವೀರ ಚಕ್ರ ಎಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರವೇ ಅದು. ಆದರೆ ರಾಮ ರಾಘೋಬಾ ರಾಣೆ ಮಾಡಿದ ಕೆಲಸ ಬೇರೆ. ಅವರು ರಸ್ತೆ ಬಿಡಿಸಿದರು.

ಇದುವರೆಗೆ ಪರಮವೀರ ಚಕ್ರ ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಅದು ಬಂದದ್ದು ಮರಣೋತ್ತರವಾಗಿ. ಬದುಕುಳಿದು ಪದಕ ಧರಿಸಿದ ಏಳು ಜನರಲ್ಲಿ ರಾಣೆ ಒಬ್ಬರು. ಇಡೀ ಪಟ್ಟಿಯಲ್ಲಿ ಕರ್ನಾಟಕದ ನೆಲದಲ್ಲಿ ಹುಟ್ಟಿದ ಹೆಸರು ಇದೊಂದೇ. ಸೇನೆಯ ಎಂಜಿನಿಯರ್ ದಳದ ಹೆಸರೂ ಇದೊಂದೇ. ಉಳಿದವರೆಲ್ಲ ಕಾಲಾಳು ಪಡೆ ಇಲ್ಲವೇ ಟ್ಯಾಂಕ್ ಪಡೆಯವರು, ಒಬ್ಬರು ವಾಯುಪಡೆಯವರು.

ರಾಣೆ ಹುಟ್ಟಿದ್ದು 1918ರ ಜೂನ್ 26ರಂದು, ಕಾರವಾರ ತಾಲ್ಲೂಕಿನ ಚೆಂಡಿಯಾದ ಮನೆತನದಲ್ಲಿ. ತಂದೆ ಪೊಲೀಸ್ ಕಾನ್‌ಸ್ಟೆಬಲ್. ಪೊಲೀಸರ ಮಕ್ಕಳ ಪಾಡು ಗೊತ್ತೇ ಇದೆಯಲ್ಲ. ಅಪ್ಪನಿಗೆ ವರ್ಗವಾದಾಗಲೆಲ್ಲ ಮಗನ ಶಾಲೆಯೂ ಬದಲಾಗುತ್ತಿತ್ತು. 1930ರ ಸುಮಾರಿಗೆ ಹುಡುಗನ ತಲೆಯಲ್ಲಿ ಸ್ವಾತಂತ್ರ್ಯ ಚಳವಳಿಯ ಗಾಳಿ ಹೊಕ್ಕಿತು. ಬ್ರಿಟಿಷ್ ಸರ್ಕಾರದ ಸಂಬಳ ಎಣಿಸುವ ಅಪ್ಪನಿಗೆ ಗಾಬರಿಯಾಗಿ ಸಂಸಾರವನ್ನು ಚೆಂಡಿಯಾಕ್ಕೆ ವಾಪಸ್ ಕರೆತಂದರಂತೆ. ಅದೇ ಹುಡುಗ 1940ರಲ್ಲಿ ಬ್ರಿಟಿಷರ ಸೈನ್ಯವನ್ನೇ ಸೇರಿದ, ಬಾಂಬೆ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ದಳವನ್ನು.

ಬಾಂಬೆ ಏಕೆ ಎಂದು ಇವತ್ತಿನ ಓದುಗರಿಗೆ ಅನಿಸಬಹುದು. ಆಗ ಉತ್ತರ ಕನ್ನಡ ಮುಂಬೈ ಪ್ರಾಂತ್ಯದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ರಾಣೆಗೆ ಪದಕ ಘೋಷಣೆಯಾದಾಗ ಕಾರವಾರದ ಸರ್ಕಾರಿ ಕಾಗದ ಬೆಂಗಳೂರಿಗೆ ಹೋಗುತ್ತಿರಲಿಲ್ಲ, ಮುಂಬೈಗೆ ಹೋಗುತ್ತಿತ್ತು. ಕರ್ನಾಟಕ ತನ್ನ ಏಕೈಕ ಪರಮವೀರನನ್ನು ಇಷ್ಟು ತಡವಾಗಿ ನೆನೆದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಪೂರ್ತಿ ನೆಪವಾಗಲಾರದು, ಬಿಡಿ. 1956ರಿಂದ 2006ಕ್ಕೆ ಐವತ್ತು ವರ್ಷ.

ಸ್ಯಾಪರ್ ಎಂದರೆ ಸೇನೆಯ ಕೆಲಸಗಾರ. ಸೇತುವೆ ಕಟ್ಟುವವನೂ ಅವನೇ, ಸೇತುವೆ ಒಡೆಯುವವನೂ ಅವನೇ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್‌ನಿಂದ ಸೇನೆ ಹಿಂದೆ ಸರಿಯುವಾಗ, ಬುತಿಡಾಂಗ್‌ನಲ್ಲಿ ಶತ್ರುವಿನ ಕೈಗೆ ಸಿಗಬಾರದ್ದನ್ನೆಲ್ಲ ನಾಶ ಮಾಡಲು ರಾಣೆಯನ್ನೂ ಸಣ್ಣ ತಂಡವೊಂದನ್ನೂ ಹಿಂದೆ ಬಿಡಲಾಯಿತು. ಕೆಲಸ ಮುಗಿದ ಮೇಲೆ ನೌಕಾಪಡೆ ಬಂದು ಕರೆದೊಯ್ಯಬೇಕು ಎಂದು ಮಾತಾಗಿತ್ತು. ಕರೆದೊಯ್ಯುವವರು ಬರಲಿಲ್ಲ. ಜಪಾನಿ ಸೈನಿಕರು ಗಸ್ತು ತಿರುಗುತ್ತಿದ್ದ ನದಿಯನ್ನು ತಾವೇ ದಾಟಿ ತಂಡ ತನ್ನ ಪಡೆಯನ್ನು ಕೂಡಿಕೊಂಡಿತು. ರಾಣೆ ಹವಾಲ್ದಾರರಾದರು. 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್. ಅದಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ನೌಶೇರಾ–ರಾಜೌರಿ ರಸ್ತೆಯ ಇಪ್ಪತ್ತಾರನೇ ಮೈಲು ಎದುರಾಯಿತು.

ಅದು 1948ರ ಏಪ್ರಿಲ್, ಜಮ್ಮು–ಕಾಶ್ಮೀರಕ್ಕಾಗಿ ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿದ್ದ ಕಾಲ. ರಾಜೌರಿ ಶತ್ರುವಿನ ವಶದಲ್ಲಿತ್ತು. ಊರ ಜನರನ್ನು ಉಳಿಸಬೇಕಾದರೆ ಬೇಗ ತಲುಪಬೇಕು, ಬೇಗ ತಲುಪಬೇಕಾದರೆ ಟ್ಯಾಂಕುಗಳು ಹೋಗಬೇಕು. ರಸ್ತೆಯೋ, ಗುಡ್ಡ ಸುತ್ತಿಕೊಂಡು ಹೋಗುವ ಹಾವು. ಅದರ ಉದ್ದಕ್ಕೂ ಶತ್ರು ಪೈನ್ ಮರಗಳನ್ನು ಕಡಿದು ಅಡ್ಡ ಹಾಕಿದ್ದ, ಮೋರಿಗಳನ್ನು ಸಿಡಿಸಿದ್ದ, ನೆಲಬಾಂಬು ಹುಗಿದಿದ್ದ, ಮೇಲಿನ ಗುಡ್ಡಗಳಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಕಾದಿದ್ದ.

ಏಪ್ರಿಲ್ 8ರ ಬೆಳಿಗ್ಗೆ 11 ಗಂಟೆ. ಟ್ಯಾಂಕುಗಳ ಪಕ್ಕ ಕೆಲಸ ಶುರು ಮಾಡಲು ರಾಣೆಯ ತಂಡ ಕಾದು ನಿಂತಿದ್ದಾಗಲೇ ಮಾರ್ಟರ್ ಗುಂಡುಗಳು ಬಿದ್ದವು. ತಂಡದ ಇಬ್ಬರು ಅಲ್ಲೇ ಸತ್ತರು. ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಆಸ್ಪತ್ರೆಗೆ ಹೋಗಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಉಳಿದವರನ್ನು ಒಟ್ಟುಮಾಡಿ ಕೆಲಸಕ್ಕೆ ಇಳಿದರು. ಸಂಜೆ ಡೋಗ್ರಾ ಪಡೆ ಬರ್ವಾಲಿ ದಿಬ್ಬ ಹಿಡಿಯಿತು. ಟ್ಯಾಂಕುಗಳಿಗೆ ಬಳಸುದಾರಿ ಕಡಿಯುವ ಕೆಲಸ ರಾತ್ರಿ 10ರ ತನಕ ನಡೆಯಿತು. ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಶುರು, ಮಧ್ಯಾಹ್ನ 3ಕ್ಕೆ ದಾರಿ ಸಿದ್ಧ. ಟ್ಯಾಂಕುಗಳು ಹೊರಟವು. ಎಲ್ಲಕ್ಕಿಂತ ಮುಂದಿನ ವಾಹನದಲ್ಲಿ ರಾಣೆ. ಅರ್ಧ ಮೈಲು ಹೋಗುವಷ್ಟರಲ್ಲಿ ಅಡ್ಡಬಿದ್ದ ಮರಗಳು. ಇಳಿದು ಸಿಡಿಸಿದರು. ಇನ್ನೊಂದು ಮುನ್ನೂರು ಗಜಕ್ಕೆ ಮತ್ತೆ ಮರಗಳು. ಮತ್ತೆ ಇಳಿದರು. ಆಮೇಲೆ ಮುರಿದ ಮೋರಿ. ಹೊತ್ತು ಮುಳುಗುವ ವೇಳೆಗೆ ಐದು ದೊಡ್ಡ ಪೈನ್ ಮರಗಳು, ಸುತ್ತ ನೆಲಬಾಂಬು, ಮೇಲಿನಿಂದ ಗುಂಡಿನ ಮಳೆ. ರಾಣೆ ಆಗಲೂ ಬಾಂಬು ತೆಗೆಯಲು ಕೂತರು. ಪಡೆಯ ಮುಖ್ಯಸ್ಥರೇ ಇವತ್ತಿಗೆ ಸಾಕು ಎಂದು ಟ್ಯಾಂಕುಗಳನ್ನು ಸುರಕ್ಷಿತ ಜಾಗಕ್ಕೆ ಒಯ್ದರು.

ನೆಲಬಾಂಬು ತೆಗೆಯುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಚೂಪಾದ ಕಡ್ಡಿಯನ್ನೋ ಬಯೊನೆಟ್ಟನ್ನೋ ಓರೆಯಾಗಿ ಹಿಡಿದು ಮಣ್ಣಿಗೆ ಮೆಲ್ಲಗೆ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಿದರೆ ಬಾಂಬಿನ ತಲೆಗೇ ತಾಗೀತು. ಓರೆ ಹಿಡಿದರೆ ಅದರ ಪಕ್ಕೆಗೆ ತಾಗಿ ಗಟ್ಟಿ ಎನ್ನಿಸುತ್ತದೆ. ಆಮೇಲೆ ಬೆರಳಿನಿಂದ ಸುತ್ತಲ ಮಣ್ಣು ಬಿಡಿಸಬೇಕು, ಮಗುವಿನ ಕಣ್ಣಿನಿಂದ ಕಸ ತೆಗೆದ ಹಾಗೆ. ಎತ್ತಿದರೆ ಸಿಡಿಯುವಂತೆ ಅಡಿಯಲ್ಲಿ ಇನ್ನೊಂದನ್ನು ಇಟ್ಟಿರಲೂಬಹುದು. ಎರಡೂ ಕೈಗೆ ಕೆಲಸ, ಕಣ್ಣು ನೆಲದ ಮೇಲೆ. ಮೇಲಿನಿಂದ ಗುಂಡು ಹಾರಿಸುವವನ ಮೇಲೆ ತಿರುಗಿ ಗುಂಡು ಹಾರಿಸಲು ಪುರುಸೊತ್ತೂ ಇಲ್ಲ, ಕೈಯೂ ಇಲ್ಲ. ರಾಣೆ ಚಲಿಸುವ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತಾ ಬಾಂಬು ತೆಗೆದರು ಎಂದು ಸೇನೆಯಲ್ಲಿ ಹೇಳುತ್ತಾರೆ.

ಏಪ್ರಿಲ್ 10ರ ನಸುಕಿನ 4.45ಕ್ಕೆ ಅದೇ ಐದು ಮರಗಳ ಮುಂದೆ ಹಾಜರ್. 6.30ಕ್ಕೆ ಮರಗಳು ದಾರಿಯಿಂದ ಸರಿದಿದ್ದವು. ಅಲ್ಲಿಂದ ಮುಂದಿನ ಸಾವಿರ ಗಜದಲ್ಲಿ ತಡೆಗಳ ಮೇಲೆ ತಡೆ. 10.30ಕ್ಕೆ ಅದೂ ಮುಗಿಯಿತು. ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕೆ ಇಳಿದು ಮುಂದೆ ಹೋದವು. ರಾಣೆಯ ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಆಕ್ಷೇಪಿಸುವವರಿರಲಿಲ್ಲ. ಆದರೆ ಟ್ಯಾಂಕಿನ ಹಿಂದೆ ಅನ್ನ, ಔಷಧಿ, ಮದ್ದುಗುಂಡು ಹೊತ್ತ ಲಾರಿಗಳಿದ್ದವು. ಲಾರಿ ನದಿಯಲ್ಲಿ ಹೋಗಲಾರದು. ಊಟವಿಲ್ಲದೆ ರಾತ್ರಿ 9ರವರೆಗೆ ರಸ್ತೆ ಬಿಡಿಸಿದರು. 11ರ ಬೆಳಿಗ್ಗೆ 6ಕ್ಕೆ ಮತ್ತೆ ಹಿಡಿದು 11 ಗಂಟೆಗೆ ಚಿಂಗಸ್‌ವರೆಗೆ ರಸ್ತೆ ತೆರೆದರು. ಅಲ್ಲಿಂದಾಚೆಗೆ ರಾತ್ರಿ 10ರವರೆಗೆ. ಚಿಂಗಸ್ ಎಂದರೆ ಕಾಶ್ಮೀರದಿಂದ ಮರಳುವ ದಾರಿಯಲ್ಲಿ ಸತ್ತ ಜಹಾಂಗೀರ್ ಬಾದಶಹನ ಕರುಳನ್ನು ಹೂಳಿದರು ಎನ್ನಲಾಗುವ ಹಳೆಯ ಮೊಗಲ್ ಸರಾಯಿ. ಏಪ್ರಿಲ್ 12ರಂದು ಸೇನೆ ರಾಜೌರಿ ಹೊಕ್ಕಿತು.

ಕೈಬೆರಳಲ್ಲಿ ಎಣಿಸಿ ನೋಡಿದರೆ, ಗಾಯಗೊಂಡ ಮನುಷ್ಯನೊಬ್ಬ ನಾಲ್ಕು ದಿನಗಳಲ್ಲಿ ಐವತ್ತು ಗಂಟೆಗೂ ಹೆಚ್ಚು ಹೊತ್ತು ಶತ್ರುವಿನ ಕಣ್ಣೆದುರು ಕೆಲಸ ಮಾಡಿದ ಲೆಕ್ಕ. ಮೊದಲ ಗುಂಡು ತಾಗಿದಾಗ ಉಕ್ಕುವ ರೋಷದ ಶೌರ್ಯ ಒಂದು ಬಗೆ. ರಾತ್ರಿ ಮಲಗಿ, ಬೆಳಿಗ್ಗೆ ಎದ್ದು, ನಿನ್ನೆ ಗೆಳೆಯರು ಸತ್ತ ರಸ್ತೆಗೆ ಡ್ಯೂಟಿಗೆ ಹೋದಂತೆ ಹೋಗುವುದು ಇನ್ನೊಂದು ಬಗೆ. ಎರಡನೆಯದೇ ಕಷ್ಟದ್ದು.

1950ರ ಜೂನ್ 21ರ ಗೆಜೆಟ್‌ನಲ್ಲಿ ಪದಕ ಪ್ರಕಟವಾಯಿತು. ಪದಕವೆಂದರೆ ಚಿನ್ನವೂ ಅಲ್ಲ ಬೆಳ್ಳಿಯೂ ಅಲ್ಲ, ಕಂಚಿನ ಸಣ್ಣ ಬಿಲ್ಲೆ. ನೇರಳೆ ಪಟ್ಟಿ. ಮೇಲೆ ಇಂದ್ರನ ನಾಲ್ಕು ವಜ್ರಾಯುಧಗಳು. ಅದನ್ನು ರೂಪಿಸಿದವರು ಯುರೋಪಿನಲ್ಲಿ ಹುಟ್ಟಿ ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ಸಾವಿತ್ರಿ ಖಾನೋಲ್ಕರ್ ಆದ ಮಹಿಳೆ. ವಜ್ರಾಯುಧಕ್ಕಾಗಿ ದಧೀಚಿ ತನ್ನ ಬೆನ್ನೆಲುಬು ಕೊಟ್ಟ ಕಥೆ ನಮ್ಮ ಅಜ್ಜಿಯರಿಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. ರಾಣೆ 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು.

ಹೀಗೆ ದಿನದಿನವೂ ಎದ್ದು ತಮ್ಮ ಕೆಲಸಕ್ಕೆ ಹೋದ ಇನ್ನಿಬ್ಬರು ಇದೇ ಕರಾವಳಿಯಲ್ಲಿ ಹುಟ್ಟಿದರು. ಚೆಂಡಿಯಾದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಅಂಕೋಲಾ. ಆ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ಹಾಲಕ್ಕಿ ಒಕ್ಕಲಿಗರ ಮನೆಯೊಂದರಲ್ಲಿ ಹುಟ್ಟಿದ ತುಳಸಿ ಗೌಡರಿಗೆ ಯುದ್ಧ ಗೊತ್ತಿರಲಿಲ್ಲ, ಶಾಲೆಯೂ ಗೊತ್ತಿರಲಿಲ್ಲ. ಎರಡು ವರ್ಷದವರಿದ್ದಾಗ ಅಪ್ಪ ಹೋದರು. ಅವ್ವನ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಹೋದರು. ಹೀಗೆ ಹೋದ ದಿನಗೂಲಿ ಮೂರು ದಶಕ ಮೀರಿ ನಡೆಯಿತು, ಆಮೇಲೆ ಇಲಾಖೆ ಕೆಲಸ ಕಾಯಂ ಮಾಡಿತು. 2020ರ ಪಟ್ಟಿಯಲ್ಲಿ ಪದ್ಮಶ್ರೀ. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಹಾಲಕ್ಕಿ ಹೆಂಗಸರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ, ಬರಿಗಾಲಲ್ಲಿ ನಡೆದು ಬಂದ ಅವರ ಚಿತ್ರವನ್ನು ದೇಶವೇ ನೋಡಿತು. ಚಪ್ಪಲಿಯ ಬಗ್ಗೆ ಆದಷ್ಟು ಮಾತು ಅವರ ಕೈಯ ಬಗ್ಗೆ ಆಗಲಿಲ್ಲ.

ಆ ಕೈಗೆ ಗೊತ್ತಿದ್ದದ್ದು ಬೀಜ. ಕಾಡಿನಲ್ಲಿ ಒಂದೇ ಜಾತಿಯ ನೂರು ಮರಗಳಿದ್ದರೆ ಎಲ್ಲದರ ಬೀಜವೂ ಒಂದೇ ಅಲ್ಲ. ನೆಟ್ಟಗೆ ಬೆಳೆದ, ರೋಗ ತಾಗದ, ಒಳ್ಳೆಯ ಪ್ರಾಯದ ಮರದ ಬೀಜದಿಂದ ಎದ್ದ ಸಸಿಗೇ ಗಟ್ಟಿತನ. ಅದನ್ನು ತಾಯಿಮರ ಎನ್ನುತ್ತಾರೆ. ಅದರ ಬೀಜವನ್ನೂ ತಕ್ಕ ಹೊತ್ತಿಗೇ ಆರಿಸಬೇಕು. ತಡವಾದರೆ ಹುಳ, ಬೇಗವಾದರೆ ಕಾಯಿ. ಆಮೇಲೆ ಒಂದೊಂದು ಬೀಜದ್ದೂ ಒಂದೊಂದು ಹಟ. ಸಾಗವಾನಿಯ ಬೀಜ ಗಟ್ಟಿ ಚಿಪ್ಪಿನೊಳಗೆ ಮಲಗಿರುತ್ತದೆ. ನೆನೆಸಿ, ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ ಎಬ್ಬಿಸಬೇಕು. ಅದೇ ಘಟ್ಟದ ಮಳೆಕಾಡಿನ ಎಷ್ಟೋ ಮರಗಳ ಬೀಜ ಒಣಗಿಸಿದರೆ ಸತ್ತೇ ಹೋಗುತ್ತದೆ. ಹಸಿಯಿರುವಾಗಲೇ ಸಸಿಮಡಿಗೆ ಹಾಕಬೇಕು. ಯಾವುದಕ್ಕೆ ಎಷ್ಟು ನೆರಳು, ಯಾವಾಗ ಮಡಿಯಿಂದ ಎತ್ತಿ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಬೇಕು, ಎಷ್ಟು ನೀರು. ಇದನ್ನೆಲ್ಲ ನೂರಾರು ಗಿಡಗಳಿಗೆ ನೆನಪಿಟ್ಟುಕೊಳ್ಳುವುದನ್ನು ಕಾಲೇಜಿನಲ್ಲಿ ಮಾಡಿದರೆ ಅರಣ್ಯ ವಿಜ್ಞಾನ ಎನ್ನುತ್ತೇವೆ. ನೋಡುವುದು, ಪ್ರಯೋಗ ಮಾಡುವುದು, ಸೋತದ್ದನ್ನು ನೆನಪಿಡುವುದು, ಮುಂದಿನ ಮಳೆಗಾಲಕ್ಕೆ ತಿದ್ದಿಕೊಳ್ಳುವುದು. ವಿಜ್ಞಾನದಲ್ಲಿ ಇದಕ್ಕಿಂತ ಬೇರೆ ಏನಿದೆ?

ಆದರೂ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಇದ್ದದ್ದು ಸಮಾಜ ಸೇವೆಯ ಖಾನೆಯಲ್ಲಿ. ಈ ಅಂಕಣಕಾರನಿಗೆ ಅದು ಒಪ್ಪಿಗೆಯಿಲ್ಲ. ಬರೆದಿಡದ ವಿದ್ಯೆಯನ್ನು ಸೇವೆ ಎಂದು ಕರೆದು ಕೈಮುಗಿದುಬಿಡುವುದು ನಮ್ಮ ಹಳೆಯ ಚಾಳಿ. ಅದೇ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರ ಹಾಡುಗಳನ್ನು ಕಲೆಯೆಂದು ಗುರುತಿಸಿ 2017ರಲ್ಲೇ ಪದ್ಮಶ್ರೀ ಕೊಟ್ಟಿದ್ದರು. ಹಾಡನ್ನು ಹಾಡು ಎನ್ನಲು ಬಂದವರಿಗೆ ಬೀಜದ ಅರಿವನ್ನು ವಿಜ್ಞಾನ ಎನ್ನಲು ಬಾಯಿ ಬರಲಿಲ್ಲ. ಕಾಡಿನ ವಿಶ್ವಕೋಶ ಎಂಬ ಬಿರುದೇನೋ ಎಲ್ಲರ ಬಾಯಲ್ಲಿತ್ತು. ಆ ವಿಶ್ವಕೋಶದ ಎಷ್ಟು ಪುಟ ಬರೆದುಕೊಂಡೆವು ಎಂದು ಕೇಳಿಕೊಳ್ಳಲು ಈಗ ತಡವಾಗಿದೆ. 2024ರ ಡಿಸೆಂಬರ್ 16ರಂದು ತುಳಸಜ್ಜಿ ಹೊನ್ನಳ್ಳಿಯಲ್ಲೇ ಕಣ್ಣುಮುಚ್ಚಿದರು.

ಇನ್ನೂ ದಕ್ಷಿಣಕ್ಕೆ ಹೋದರೆ, ಗಂಗಾವಳಿ ದಾಟಿದ ಮೇಲೆ ಗೋಕರ್ಣ. ಮಹಾಬಲೇಶ್ವರನ ಊರು. ಈಗ ಓಂ ಬೀಚಿನ ಊರೂ ಹೌದು. ಇಲ್ಲಿ 1948ರಲ್ಲಿ, ಅಂದರೆ ರಾಣೆ ರಸ್ತೆ ಬಿಡಿಸಿದ ವರ್ಷವೇ, ಹುಟ್ಟಿದ ನಾರಾಯಣ ಹೊಸ್ಮನೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ, ಎಂಎಸ್ಸಿ ಮುಗಿಸಿ, ಎಡಿನ್‌ಬರೋದಲ್ಲಿ ರಸಾಯನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ, ಅಮೆರಿಕದ ಉತ್ತರ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಜರ್ಮನಿಯ ಹಂಬೋಲ್ಟ್ ಪ್ರಶಸ್ತಿ ಅವರಿಗೆ ಎರಡು ಸಲ ಸಂದಿದೆ.

ಹೊಸ್ಮನೆಯವರ ಕಸುಬು ಬೋರಾನ್. ನಮಗೆ ಇದು ಅಪರಿಚಿತವೇನಲ್ಲ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್, ಅಕ್ಕಸಾಲಿಗ ಬೆಸುಗೆಗೆ ಹಾಕುವ ಬಿಳಿಗಾರ, ಎರಡರಲ್ಲೂ ಇರುವುದು ಅದೇ. ಬೋರಾನಿನ ಒಂದು ಬಗೆಗೆ, ಪ್ರಕೃತಿಯಲ್ಲಿ ಸಿಗುವುದರ ಐದರಲ್ಲೊಂದು ಪಾಲಿಗೆ, ನ್ಯೂಟ್ರಾನ್ ಎಂದರೆ ವಿಪರೀತ ಹಸಿವು. ಅಣು ರಿಯಾಕ್ಟರುಗಳಲ್ಲಿ ಹೆಚ್ಚಾದ ನ್ಯೂಟ್ರಾನ್ ಹೀರಿಕೊಳ್ಳಲು ಅದನ್ನು ಬಳಸುವುದು ಇದಕ್ಕೇ. ನ್ಯೂಟ್ರಾನ್ ನುಂಗಿದ ಬೋರಾನ್ ಪರಮಾಣು ಒಡೆದು ಹೀಲಿಯಂ ಮತ್ತು ಲಿಥಿಯಂ ಚೂರುಗಳಾಗಿ ಸಿಡಿಯುತ್ತದೆ. ಆ ಚೂರುಗಳು ಹಾರುವ ದೂರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಕಡಿಮೆ, ಹೆಚ್ಚುಕಡಿಮೆ ಒಂದು ಜೀವಕೋಶದ ಅಗಲ. ಅಂದರೆ ಬೋರಾನನ್ನು ಕ್ಯಾನ್ಸರ್ ಕೋಶದೊಳಗೆ ಸೇರಿಸಿ, ಹೊರಗಿನಿಂದ ನ್ಯೂಟ್ರಾನ್ ಬಿಟ್ಟರೆ, ಸಿಡಿತ ಆ ಕೋಶದೊಳಗೇ ಮುಗಿಯುತ್ತದೆ. ಪಕ್ಕದ ಮನೆಯ ಕಿಟಕಿ ಗಾಜೂ ಒಡೆಯುವುದಿಲ್ಲ.

ಈ ಉಪಾಯ ಹೊಳೆದದ್ದು 1936ರಷ್ಟು ಹಿಂದೆ. ತೊಡಕು ಒಂದೇ. ಕ್ಯಾನ್ಸರ್ ಕೋಶಕ್ಕೆ ಸಾಕಷ್ಟು ಬೋರಾನ್ ತಲುಪಬೇಕು, ಆರೋಗ್ಯವಂತ ಕೋಶಕ್ಕೆ ತಲುಪಬಾರದು. ಹೊಸ್ಮನೆ ಮತ್ತು ಅವರ ಜೊತೆಗಾರರು ಕೆಲಸ ಮಾಡಿದ್ದು ಇದರ ಮೇಲೆ. ಹತ್ತು ಬೋರಾನ್, ಎರಡು ಇಂಗಾಲದ ಪರಮಾಣುಗಳು ಕೂಡಿ ಪಂಜರದಂತೆ ಕಟ್ಟಿಕೊಳ್ಳುವ ಕಾರ್ಬೊರೇನ್ ಎಂಬ ಅಣುವಿದೆ. ಒಂದು ಅಣು ಕಳಿಸಿದರೆ ಹತ್ತು ಬೋರಾನ್ ಕಳಿಸಿದ ಹಾಗೆ. ಅದನ್ನು ಅತಿಸಣ್ಣ ಇಂಗಾಲದ ಕೊಳವೆಗಳಿಗೆ, ಕಾಂತದ ನ್ಯಾನೊಕಣಗಳಿಗೆ ಕಟ್ಟಿ ಗಡ್ಡೆಯವರೆಗೆ ಸಾಗಿಸುವ ದಾರಿಗಳನ್ನು ಅವರು ಹುಡುಕಿದರು. ಇದೊಂದು ಮದ್ದು ಸಿಕ್ಕಿತು ಎಂದು ಹಾರಾಡುವ ಸುದ್ದಿಯಲ್ಲ, ವಾಟ್ಸಾಪಿನಲ್ಲಿ ಹಂಚುವವರು ಗಮನಿಸಬೇಕು. ತಲೆ ಮತ್ತು ಕುತ್ತಿಗೆಯ ಕೆಲವು ಕ್ಯಾನ್ಸರ್‌ಗಳಿಗೆ ಈ ಚಿಕಿತ್ಸೆಯನ್ನು ಜಪಾನ್ 2020ರಲ್ಲಿ ಒಪ್ಪಿತು. 1936ರಿಂದ 2020ಕ್ಕೆ ಎಂಬತ್ತನಾಲ್ಕು ವರ್ಷ. ದೇಶದೇಶಗಳ ಎಷ್ಟೋ ಪ್ರಯೋಗಶಾಲೆಗಳು ಒಂದೊಂದು ಮರ ಸರಿಸಿದ ಮೇಲೆ ತೆರೆದ ರಸ್ತೆ ಅದು.

ಕಾರವಾರದಿಂದ ಗೋಕರ್ಣಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸು. ಇಷ್ಟು ಸಣ್ಣ ದಾರಿಯಲ್ಲಿ ಇಂಥ ಮೂವರು ಹುಟ್ಟಿದ್ದಕ್ಕೆ ಮಣ್ಣಿನ ಗುಣ, ನೀರಿನ ಗುಣ ಎಂದು ಸಭೆಗಳಲ್ಲಿ ಹೇಳುವುದುಂಟು. ಮಣ್ಣಿಗೆ ಅಷ್ಟು ಹೊಣೆ ಹೊರಿಸುವುದು ಬೇಡ. ರಾಣೆ ದುಡಿದದ್ದು ಬರ್ಮಾ, ಜಮ್ಮುವಿನಲ್ಲಿ, ಬಾಳ ಕೊನೆ ಪುಣೆಯಲ್ಲಿ. ಹೊಸ್ಮನೆಯವರಿಗೆ ಡಿಗ್ರಿಗೆ ಧಾರವಾಡ, ಸಂಶೋಧನೆಗೆ ಕಡಲಾಚೆ. ಊರಲ್ಲೇ ಉಳಿದದ್ದು ತುಳಸಜ್ಜಿ ಒಬ್ಬರೇ, ಅದೂ ದಿನಗೂಲಿಯಲ್ಲಿ. ಜಿಲ್ಲೆ ತನ್ನ ಮಕ್ಕಳಿಗೆ ಕೊಟ್ಟದ್ದಕ್ಕಿಂತ ಮಕ್ಕಳು ಜಿಲ್ಲೆಗೆ ಕೊಟ್ಟದ್ದೇ ಹೆಚ್ಚು ಎಂದರೆ ಬೇಸರಿಸಬಾರದು.

ಹೆಸರಿಡುವುದರಲ್ಲಂತೂ ನಾವು ಹಿಂದೆ ಬಿದ್ದಿಲ್ಲ. ಭಾರತೀಯ ಹಡಗು ನಿಗಮ ತನ್ನ ಕಚ್ಚಾ ತೈಲ ಸಾಗಿಸುವ ಹಡಗೊಂದಕ್ಕೆ ರಾಣೆಯ ಹೆಸರಿಟ್ಟಿತ್ತು. ಇಪ್ಪತ್ತೈದು ವರ್ಷ ತೈಲ ಹೊತ್ತು ಅದು ನಿವೃತ್ತಿಯಾಯಿತು. 2023ರ ಜನವರಿ 23ರಂದು ಅಂಡಮಾನ್‌ನ 21 ದ್ವೀಪಗಳಿಗೆ 21 ಪರಮವೀರರ ಹೆಸರಿಟ್ಟಾಗ ಒಂದು ದ್ವೀಪ ರಾಣೆಯದಾಯಿತು. ಹೆಸರಿಗೆ ಕೊರತೆಯಿಲ್ಲ. ಆ ಹೆಸರಿನ ಮನುಷ್ಯ ಏನು ಮಾಡಿದ ಎಂದು ಕೇಳಿದರೆ ಮಾತ್ರ 'ಯುದ್ಧ ಮಾಡಿದ' ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಡಿಸೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳು ಕಾರವಾರದ ಕಡಲತೀರದಲ್ಲಿ ಸಾಲುಗಟ್ಟುತ್ತವೆ. ಮಕ್ಕಳನ್ನು ಕರೆತರುವ ಮಾಸ್ತರು, ಅಕ್ಕೋರುಗಳಲ್ಲಿ ಒಂದು ಮನವಿ. ಹಡಗು ಹತ್ತಿಸಿ ಇಳಿಸಿದ ಮೇಲೆ ಹತ್ತು ನಿಮಿಷ ಆ ಪ್ರತಿಮೆಯ ಹತ್ತಿರ ಕೂರಿಸಿ. ಇಪ್ಪತ್ತಾರನೇ ಮೈಲು, ಐದು ಪೈನ್ ಮರಗಳು, ಬೆಳಗಿನ 4.45, ಹಿಂದೆ ಬರುತ್ತಿದ್ದ ಲಾರಿಗಳು, ಇಷ್ಟನ್ನು ಹೇಳಿ. ಬಸ್ಸು ಅಂಕೋಲಾ ದಾಟುವಾಗ ಎರಡು ಸಾಗವಾನಿ ಬೀಜ ಕೈಗೆ ಕೊಟ್ಟು, ಇದನ್ನು ಮೊಳೆಸಿ ತೋರಿಸಿ ಎನ್ನಿ.